ಹಿಂದಿನ ಸೀಟಿನ ಐವತ್ತೆಂಟು ಕಿಲೋ

ನಾನು ಒಂದು ಮರಳಿನ ಮೂಟೆ. ಹಳೆಯ ಟಾರ್ಪಾಲಿನಲ್ಲಿ ಹೊಲಿದ ಉದ್ದನೆಯ ಚೀಲ, ಒಳಗೆ ಪಣಂಬೂರಿನ ಕಡಲ ಮರಳು. ತೂಕ ಐವತ್ತೆಂಟು ಕಿಲೋ. ನನ್ನನ್ನು ಹುಟ್ಟಿಸಿದವನ ತೂಕವೂ ಅಷ್ಟೇ.

ಅವನ ಹೆಸರು ದೂಮಪ್ಪ. ಮಂಗಳೂರಿನಿಂದ ಹುಬ್ಬಳ್ಳಿಗೆ ಮೀನು, ಔಷಧಿ ಸಾಗಿಸುವ ಒಂದು ಸಣ್ಣ ಕಂಪನಿಯ ಮೆಕ್ಯಾನಿಕ್. ಕಂಪನಿಗೆ ಇದ್ದದ್ದು ಒಂದೇ ವಿಮಾನ, ಎರಡು ಎಂಜಿನ್ನಿನದು. ಹೋಗುವಾಗ ಹೊಟ್ಟೆ ತುಂಬ ಸಾಮಾನು, ಬರುವಾಗ ಬರೀ ಖಾಲಿ ಥರ್ಮೋಕೋಲ್ ಪೆಟ್ಟಿಗೆಗಳು. ಹಗುರಾದರೆ ಅದರ ಮೂಗು ಕೆಳಗೆ ಜಗ್ಗುತ್ತದೆ. ಬಾಲದ ಹತ್ತಿರದ ಸೀಟಿನಲ್ಲಿ ಒಬ್ಬ ಕೂತರೆ ಸರಿಹೋಗುತ್ತದೆ. ದಿನಾ ಬೆಳಿಗ್ಗೆ ಎರಡೂ ಎಂಜಿನ್ ನೋಡಿ, ಸರಿಯಿದೆ ಎಂದು ಪುಸ್ತಕದಲ್ಲಿ ಸಹಿ ಹಾಕಿ, ದೂಮಪ್ಪ ಅಲ್ಲಿ ಕೂರುತ್ತಿದ್ದ. ಎಡದ ಎಂಜಿನ್ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ದಾರಿಯುದ್ದಕ್ಕೂ ಎಡ ಕಿಟಕಿಗೇ ವಾಲಿಕೊಂಡಿರುತ್ತಿದ್ದ.

ತಂಗಿಯ ಮದುವೆಗೆ ಒಂದು ವಾರ ರಜೆ ಬೇಕಾಯಿತು. ಗೋಡೌನಿನ ತೂಕದ ಯಂತ್ರದ ಮೇಲೆ ತಾನು ನಿಂತು ನೋಡಿದ. ಅಷ್ಟೇ ಬರುವ ತನಕ ನನಗೆ ಮರಳು ತುಂಬಿದ. ಸೀಟಿನಲ್ಲಿ ಕೂರಿಸಿ, ಬೆಲ್ಟ್ ಬಿಗಿದು, ತನ್ನ ಟೋಪಿಯನ್ನೂ ಇಟ್ಟ.

“ನೋಡಿ ಸಿಪ್ರಿಯನಣ್ಣ, ನನ್ನ ಹಾಗೆಯೇ ಇದ್ದಾನೆ. ಬೀಡಿ ಕೇಳುವುದಿಲ್ಲ, ಅಷ್ಟೆ.”

ಸಿಪ್ರಿಯನ್ ಲೋಡಿಂಗ್ ಮೇಸ್ತ್ರಿ. ಯಾವ ಭಾರ ಎಲ್ಲಿದೆ ಎಂಬ ಕಾಗದ ಬರೆಯುವವನು. ಅದರ ಕೊನೆಯ ಸಾಲು ಯಾವಾಗಲೂ ಒಂದೇ: ಹಿಂದಿನ ಸೀಟು, ದೂಮಪ್ಪ, ಐವತ್ತೆಂಟು. ಒಂದು ವಾರಕ್ಕೆ ಯಾಕೆ ಬದಲಿಸುವುದೆಂದು ಹಾಗೆಯೇ ಬಿಟ್ಟ. ಆ ವಾರ ಎಂಜಿನ್ ನೋಡಲು ಬೇರೊಬ್ಬ ಬರುವನೆಂದು ಮಾತಾಗಿತ್ತು. ಬರಲಿಲ್ಲ.

ಮದುವೆ ಮುಗಿಯಿತು. ದೂಮಪ್ಪನಿಗೆ ಇಲಿಜ್ವರ ಬಂತು. ಆರನೆಯ ದಿನ ಸತ್ತ.

ಹೊಸ ಮೆಕ್ಯಾನಿಕ್ ಮಳೆಗಾಲ ಕಳೆದು ಬರುತ್ತಾನೆ, ಅಲ್ಲಿಯವರೆಗೆ ವಿಮಾನ ನಿಲ್ಲಿಸಿದರೆ ಎಲ್ಲರೂ ಮನೆಗೆ ಹೋಗಬೇಕಾಗುತ್ತದೆ ಎಂದು ಮ್ಯಾನೇಜರ್ ಸಿಪ್ರಿಯನ್‌ಗೆ ಹೇಳಿದ. ಸಿಪ್ರಿಯನ್ ಪುಸ್ತಕವನ್ನು ನನ್ನ ಹೊಟ್ಟೆಯ ಮೇಲಿಟ್ಟು ಸತ್ತವನ ಸಹಿ ಹಾಕಲು ಕಲಿತ. ಮೊದಲ ದಿನ ಪೆನ್ನು ಜಾರಿ ನನ್ನ ಮೇಲೆ ಗೀರಿತು. ತಿಂಗಳು ಕಳೆಯುವಷ್ಟರಲ್ಲಿ ಜಾರುವುದು ನಿಂತಿತು.

ಪೈಲಟ್‌ಗಳು ಬಾಡಿಗೆಯವರು, ಬದಲಾಗುತ್ತಿದ್ದರು. ಕೊನೆಗೆ ಬಂದವರು ಕ್ಯಾಪ್ಟನ್ ಮುದ್ದಯ್ಯ. ಮುಂದಿನ ಬಾಗಿಲಿನಿಂದ ಹತ್ತಿ, ಕಾಗದ ನೋಡಿ, ಪೆಟ್ಟಿಗೆಗಳ ಆಚೆಯಿಂದ ಸಿಪ್ರಿಯನ್‌ನನ್ನು ಕೇಳುತ್ತಿದ್ದರು.

“ದೂಮಪ್ಪನವರು ಬಂದ್ರಾ?”

“ಕೂತಿದ್ದಾರೆ ಸರ್.”

ಪೆಟ್ಟಿಗೆಗಳ ಸಂದಿಯಲ್ಲಿ ಅವರಿಗೆ ಒಂದು ಟೋಪಿ ಕಾಣುತ್ತಿತ್ತು. ಮಾತಾಡದ ಮನುಷ್ಯ ಎಂದುಕೊಂಡರು.

ಮಳೆ ಹಿಡಿಯಿತು. ನಾನು ದಪ್ಪಗಾದೆ. ಸಿಪ್ರಿಯನ್ ತೂಗಿದಾಗ ಅರವತ್ತು, ಮುಂದಿನ ವಾರ ಅರವತ್ತೊಂದು. ಕಡಲ ಮರಳಿನಲ್ಲಿ ಉಪ್ಪಿದೆ, ಉಪ್ಪು ತೇವ ಎಳೆಯುತ್ತದೆ, ಇದರಲ್ಲಿ ವಿಶೇಷವೇನಿಲ್ಲ. ಆದರೂ ಅವನು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ.

ಆಮೇಲೆ ನಾನು ಸೋರತೊಡಗಿದೆ. ಹೊಲಿಗೆ ಬಿಟ್ಟದ್ದು ನನ್ನ ಬಲ ಮಗ್ಗುಲಲ್ಲಿ. ಮರಳು ಗುಡ್ಡೆಯಾಗುತ್ತಿದ್ದದ್ದು ಎಡ ಕಿಟಕಿಯ ಕೆಳಗೆ. ಎಡದ ಎಂಜಿನ್ ನೆಲವನ್ನೇ ನಡುಗಿಸುತ್ತಿತ್ತು. ಅದಕ್ಕೇ ಇರಬೇಕು ಎಂದುಕೊಂಡೆ. ಸಿಪ್ರಿಯನ್ ದಿನಾ ಗುಡಿಸಿದ. ದಿನಾ ಗುಡ್ಡೆ ದೊಡ್ಡದಾಯಿತು.

ಒಂದು ಮಧ್ಯಾಹ್ನ ಘಟ್ಟದ ಮೇಲೆ ಬರುವಾಗ ಕ್ಯಾಪ್ಟನ್ ಹಿಂದಕ್ಕೆ ಕೂಗಿ ಕೇಳಿದರು. “ದೂಮಪ್ಪನವರೇ, ಎಡದ್ದು ಬೇರೆ ಥರ ಕೇಳ್ತಿದೆಯಲ್ಲ?”

ನಾನು ಸುಮ್ಮನಿದ್ದೆ. ಮರಳಿನ ಮೂಟೆ ಇನ್ನೇನು ಮಾಡೀತು? ಸುಮ್ಮನಿದ್ದಾನೆಂದರೆ ತೊಂದರೆಯಿಲ್ಲ ಎಂದು ಅವರು ಮುಂದೆ ತಿರುಗಿದರು.

ಮರುದಿನ ಬೆಳಿಗ್ಗೆ ಸಿಪ್ರಿಯನ್ ಪುಸ್ತಕ ತೆರೆದು ಪೆನ್ನು ತೆಗೆದ. ಕಿಟಕಿಯ ಕೆಳಗಿನ ಗುಡ್ಡೆ ಅವನ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಮುಂದಿನಿಂದ ಕ್ಯಾಪ್ಟನ್, ಎಡದ ಎಂಜಿನ್ ಸರಿಯಿದೆಯಾ ಎಂದು ದೂಮಪ್ಪನವರನ್ನೇ ಒಂದು ಮಾತು ಕೇಳಿ ಅಂದರು. ಪೆನ್ನು ನನ್ನ ಹೊಟ್ಟೆಯ ಮೇಲೆ ನಿಂತೇಬಿಟ್ಟಿತು.

“ಸರ್, ದೂಮಪ್ಪ ತೀರಿಹೋಗಿ ಐದು ತಿಂಗಳಾಯ್ತು. ಸಹಿ ನನ್ನದು. ಎಂಜಿನ್ ಯಾರೂ ನೋಡ್ಲಿಲ್ಲ.”

ಕ್ಯಾಪ್ಟನ್ ಪೆಟ್ಟಿಗೆಗಳನ್ನು ಸರಿಸುತ್ತ ಬಂದರು. ಟೋಪಿ ಎತ್ತಿದರು. ಟಾರ್ಪಾಲನ್ನು ಬೆರಳಿನಿಂದ ಒತ್ತಿ ನೋಡಿದರು.

“ನಿನ್ನೆ ನಾನು ಇವರನ್ನು ಕೇಳಿದೆ,” ಅಂದರು.

ಸಿಪ್ರಿಯನ್ ಮೆಲ್ಲಗೆ ಕೇಳಿದ. “ಎಂತ ಹೇಳಿದ?”

ವಿಮಾನ ಹಾರಲಿಲ್ಲ. ಹೊರಗಿನಿಂದ ಬಂದ ಮೆಕ್ಯಾನಿಕ್ ಎಡದ ಎಂಜಿನ್ನಿನ ಎಣ್ಣೆ ಇಳಿಸಿದಾಗ ಅದರಲ್ಲಿ ಲೋಹದ ಚೂರುಗಳಿದ್ದವು. ಇನ್ನೊಂದು ಸಲ ಘಟ್ಟ ದಾಟುತ್ತಿರಲಿಲ್ಲ ಎಂದ. ಕಂಪನಿ ಮುಚ್ಚಿತು. ಸಿಪ್ರಿಯನ್ ಕೆಲಸವನ್ನೂ ಕಳೆದುಕೊಂಡ, ಕೇಸನ್ನೂ ಎದುರಿಸಿದ. ಕ್ಯಾಪ್ಟನ್ ಆಮೇಲೆ ಒಮ್ಮೆಯೂ ಈ ಕಡೆ ಬರಲಿಲ್ಲ. ವಿಮಾನವನ್ನು ತುಂಡು ಮಾಡಿ ಗುಜರಿಯವರು ಒಯ್ದರು. ಮರಳು ಯಾರಿಗೆ ಬೇಕು? ನನ್ನನ್ನು ಗೋಡೌನಿನ ಮೂಲೆಗೆ ನೂಕಿದರು.

ಈಗ ನನಗೆ ವಯಸ್ಸಾಗಿದೆ. ಟಾರ್ಪಾಲು ಪುಡಿಯಾಗುತ್ತಿದೆ, ತೂಕ ನಲವತ್ತೂ ಇರಲಾರದು. ಎಂಜಿನ್ ನಡುಗಿಸಿತು, ಮರಳು ಜಾರಿತು, ನಾನು ಯಾರ ಪ್ರಾಣವನ್ನೂ ಉಳಿಸಿದವನಲ್ಲ ಎಂದು ಬಹಳ ದಿನ ನಂಬಿದ್ದೆ. ಇಲ್ಲಿ ಎಂಜಿನ್ ಇಲ್ಲ. ನೆಲ ಸಪಾಟಾಗಿದೆ, ಗಾಳಿಯೂ ಆಡುವುದಿಲ್ಲ. ತೂತು ಈಗಲೂ ಬಲಕ್ಕೇ ಇದೆ. ಮರಳು ಎಡಕ್ಕೇ ಸೇರುತ್ತಿದೆ.