ಹನ್ನೊಂದು ಸಾವಿರದ ಆಚೆ

ಜೋಮ್‌ನ ಬೈಕು ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತಿನ ಹತ್ತಿರ ಮುಗ್ಗರಿಸುತ್ತಿತ್ತು. ಅಲ್ಲಿಯವರೆಗೆ ಒಂದೇ ಉಸಿರಿನಲ್ಲಿ ಏರಿ ಬಂದ ಇಂಜಿನ್ನು, ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ ಹಾಗೆ ಒಂದು ಗಳಿಗೆ ತಡೆದು, ಆಮೇಲೆ ಮುಂದೆ ಹೋಗುತ್ತಿತ್ತು. ಭಾನುವಾರ ನೇರ ರಸ್ತೆಯ ಪಂದ್ಯ. ಓಡಿಸುವವನು ತಿವ್, ಜೋಮ್ ಸತ್ತ ಮೇಲೆ ಆ ಬೈಕು ಹತ್ತಲು ಒಪ್ಪಿದ ಒಬ್ಬನೇ ಸವಾರ. ಅಷ್ಟು ಹಗುರದ ಬೈಕು ಅಷ್ಟು ವೇಗದಲ್ಲಿ ತಡೆದರೆ ಮೇಲಿದ್ದವನ ಗತಿ ಏನೆಂದು ಸಮ್ರಿತ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದರ ಇಂಧನದ ಲೆಕ್ಕ ಹೊಂದಿಸುವ ಮೇಸ್ತ್ರಿ ಅವನೇ.

ಜೋಮ್ ಸತ್ತದ್ದು ಕಳೆದ ಬೇಸಿಗೆಯಲ್ಲಿ, ನಖೋನ್ ಪಥೋಮ್ ಪಟ್ಟಣದಾಚೆಯ ಇದೇ ಪಂದ್ಯದ ರಸ್ತೆಯಲ್ಲಿ. ಗದ್ದೆಯ ಕಡೆಯಿಂದ ಅಡ್ಡಗಾಳಿ ಬೀಸಿ ಮುಂಚಕ್ರ ಸರಿಯಿತು. ಅವನು ಬಿದ್ದಾಗ ಮಣಿಕಟ್ಟಿಗೆ ಕಟ್ಟಿದ ದಾರ ಸ್ವಿಚ್ಚಿನಿಂದ ಕಿತ್ತು ಬಂದು ಇಂಜಿನ್ ಆರಿತು. ಆ ದಾರ ಇರುವುದೇ ಅದಕ್ಕೆ. ಸಂಘಟಕರು ಇಂಜಿನ್ ಬಿಚ್ಚಿ ನೋಡಿ ದೋಷವೇನೂ ಇಲ್ಲ ಎಂದರು. ನೂರನೇ ದಿನದ ಪುಣ್ಯಕಾರ್ಯ ಮುಗಿದ ಮೇಲೆ ಜೋಮ್‌ನ ಹೆಂಡತಿ ಲಮ್ಯಾಯ್ ತಾನೇ ಬಂದು, "ಓಡಿಸಿ. ನಿಂತ ಗಾಡಿಗೇ ದೆವ್ವ ಸೇರ್ಕೊಳ್ಳೋದು," ಎಂದಿದ್ದಳು. ಸಮ್ರಿತ್ ಮುಂದಿನ ಫೋರ್ಕು, ಚಕ್ರ ಎರಡನ್ನೂ ಹೊಸದು ಹಾಕಿದ. ಇಂಜಿನ್ನಿಗೆ ಕೈ ಹಚ್ಚಲಿಲ್ಲ.

ಶುಕ್ರವಾರ ಬೆಳಿಗ್ಗೆ ತಿವ್ ರಸ್ತೆಯಲ್ಲಿ ಓಡಿಸಿ ನೋಡಿ ಬಂದವನೇ ಹೆಲ್ಮೆಟ್ಟನ್ನು ಬೆಂಚಿನ ಮೇಲೆ ಕುಕ್ಕಿದ.

"ಜೋಮಣ್ಣ ಇನ್ನೂ ಇಳಿದಿಲ್ಲ, ಮೇಸ್ತ್ರಿ."

"ಇಳಿಯೋಕೆ ಅದೇನು ಬಸ್ಸಾ?"

"ನಗಬೇಡಿ. ಆವತ್ತು ಅವನು ಬಿದ್ದ ಜಾಗ ಬರ್ತಿದ್ದ ಹಾಗೇ ಹಿಡೀತಾನೆ. ಬೆಳಿಗ್ಗೆ ಗಾಡಿ ಕಾಯೋ ಗಾಡಿ ತಾಯಿಗೆ ಹೂವಿನ ಹಾರ ಹಾಕಿದೀನಿ, ನೈವೇದ್ಯಕ್ಕೆ ಕೆಂಪು ಸೋಡಾ ಇಟ್ಟಿದೀನಿ. ಆದರೂ ಹಿಡೀತಾನೆ."

"ಸೋಡಾ ನೀನೇ ಕುಡಿದಿರ್ತೀಯ."

"ಸ್ಟ್ರಾ ಕೂಡ ಮುಟ್ಟಿಲ್ಲ! ನೋಡಿ, ಇವತ್ತು ಸಂಜೆಯೊಳಗೆ ಸರಿ ಮಾಡಿ. ಆಗದಿದ್ರೆ ನಾನು ಹತ್ತಲ್ಲ. ನಮ್ಮಮ್ಮನಿಗೆ ಒಬ್ಬನೇ ಮಗ."

ಅವನು ಚಹಾದಂಗಡಿಯ ಕಡೆಗೆ ಹೋದ. ಸಮ್ರಿತ್ ದೆವ್ವವನ್ನು ನಂಬದವನೇನಲ್ಲ. ಆದರೆ ದೆವ್ವವಾದರೂ ಸರಿ, ಗಾಳಿಯನ್ನೋ ಪೆಟ್ರೋಲನ್ನೋ ಹೆಚ್ಚು ಕಡಿಮೆ ಮಾಡಿಯೇ ಇಂಜಿನ್ನನ್ನು ತಡೆಯಬೇಕು ಎಂಬುದು ಅವನ ಲೆಕ್ಕ.

ಬೈಕನ್ನು ನಿಂತಲ್ಲೇ ಓಡಿಸಿ ನೋಡುವ ರೋಲರ್ ಮೇಲೆ ನಿಲ್ಲಿಸಿ, ಕಟ್ಟಿ, ಲ್ಯಾಪ್‌ಟಾಪಿನ ತಂತಿ ಚುಚ್ಚಿ, ತಾನೇ ಹತ್ತಿ ಕೂತ. ಕೊನೆಯ ಗೇರಿಗೆ ಹಾಕಿ ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿದ. ಒಂಬತ್ತು ಸಾವಿರ, ಹತ್ತು, ಹನ್ನೊಂದು. ಅಲ್ಲಿ ತಡೆಯಿತು. ಸೈಲೆನ್ಸರಿನೊಳಗಿನ ಸೆನ್ಸರ್ ಆ ಗಳಿಗೆಯಲ್ಲಿ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಎಂದು ತೋರಿಸಿತು. ಈ ವಾರವೆಲ್ಲ ಅದು ಹೇಳಿದ್ದೂ ಅದನ್ನೇ. ಪ್ರತಿ ಸಲವೂ ಸಮ್ರಿತ್ ಲ್ಯಾಪ್‌ಟಾಪಿನ ಇಂಧನ ಕೋಷ್ಟಕದ ಆ ಮನೆಗಳಲ್ಲಿ ಪೆಟ್ರೋಲು ಏರಿಸುತ್ತ ಬಂದಿದ್ದ. ಆ ತಡೆ ಇದ್ದಲ್ಲೇ ಇತ್ತು.

ಬಿಸಿ ಆರುವ ಮೊದಲೇ ಪ್ಲಗ್ ಬಿಚ್ಚಿದ. ಪ್ಲಗ್ಗಿನ ಮೂತಿಗೆ ಒಲೆಯ ಮೇಲಿನ ಮಡಕೆಯಂತೆ ಮಸಿ ಹಿಡಿದಿತ್ತು. ಪೆಟ್ರೋಲು ಕಡಿಮೆಯಾದರೆ ಪ್ಲಗ್ ಬೆಳ್ಳಗಾಗಬೇಕು. ಇದು ಹೆಚ್ಚಾಗಿ ಕಕ್ಕುತ್ತಿದೆ. ಸೆನ್ಸರ್ ಒಂದು ಹೇಳುತ್ತಿತ್ತು, ಪ್ಲಗ್ ಇನ್ನೊಂದು. ಎರಡೂ ಸುಳ್ಳು ಹೇಳುವ ಜಾತಿಯಲ್ಲ.

ಅವನು ಯೋಚಿಸಿದ. ಪೆಟ್ರೋಲು ಕೊಟ್ಟರೂ ಗಾಳಿ ಹೆಚ್ಚೆಂದು ತೋರಿಸುವುದು ಯಾವಾಗ? ಓಡುವ ಇಂಜಿನ್ನಿನ ಆಕ್ಸಿಲರೇಟರನ್ನು ತಟಕ್ಕನೆ ಬಿಟ್ಟಾಗ. ಆಗ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರ್ ತಾನಾಗಿ ಬಾಯಿ ಮುಚ್ಚುತ್ತದೆ. ಆದರೆ ನೇರ ಪಂದ್ಯದ ಬೈಕಿನಲ್ಲಿ ಬಿಡುವ ಮಾತೇ ಇಲ್ಲ; ಹೊರಡುವ ಗೆರೆಯಿಂದ ಮುಗಿಯುವ ಗೆರೆಗೆ ಪೂರ್ತಿ. ಆ ಕಾರಣಕ್ಕೇ ಆಕ್ಸಿಲರೇಟರ್ ಎಷ್ಟು ತಿರುಗಿದೆ ಎಂದು ತೋರಿಸುವ ಗೆರೆಯನ್ನು ಅವನು ಪರದೆಯ ಮೇಲೆ ತೆರೆದು ನೋಡುತ್ತಲೇ ಇರಲಿಲ್ಲ.

ಈಗ ತೆರೆದ. ಪರದೆಯ ನೆತ್ತಿಯಲ್ಲಿ ಹಗ್ಗ ಎಳೆದಂತೆ ನೇರ ಇರಬೇಕಾದ ಗೆರೆ, ಹನ್ನೊಂದು ಸಾವಿರದಲ್ಲಿ ಕೆಳಗೆ ಕುಸಿದು ಮತ್ತೆ ಎದ್ದಿತ್ತು.

ತನ್ನ ಕೈ.

ಸಮ್ರಿತ್ ಮತ್ತೆ ಹತ್ತಿದ. ಈ ಸಲ ಹಲ್ಲು ಕಚ್ಚಿ, ಹಿಡಿಯನ್ನು ಹಿಂಡಿ ಹಿಡಿದ. ಬಿಡಲಿಲ್ಲ, ಬಿಡಲಿಲ್ಲ ಎಂದು ಆಣೆ ಮಾಡಿ ಹೇಳಬಲ್ಲ. ಇಳಿದು ಪರದೆ ನೋಡಿದರೆ ಗೆರೆ ಅಲ್ಲೇ ಕುಸಿದಿತ್ತು.

"ಊಟ ಮಾಡಿದ್ಯಾ, ಇಲ್ಲ ಹೊಗೆ ಕುಡಿದೇ ಹೊಟ್ಟೆ ತುಂಬಿಸ್ಕೊಂಡ್ಯಾ?"

ಲಮ್ಯಾಯ್ ಬಾಗಿಲಲ್ಲಿ ನಿಂತಿದ್ದಳು. ಬೆಳಗಿನ ಸಂತೆಯಲ್ಲಿ ಕಡ್ಡಿಗೆ ಚುಚ್ಚಿ ಸುಟ್ಟ ಹಂದಿಮಾಂಸ, ಅಂಟು ಅನ್ನ ಮಾರಿ ಮುಗಿಸಿ, ಉಳಿದದ್ದನ್ನು ಕಟ್ಟಿಕೊಂಡು ಬಂದಿದ್ದಳು.

"ತಿವ್ ಚಹಾದಂಗಡೀಲಿ ಊರಿಗೆಲ್ಲ ಸಾರ್ತಿದಾನೆ, ನನ್ನ ಗಂಡ ಹಿಂದಿನ ಸೀಟಲ್ಲಿ ಕೂತಿದಾನಂತೆ. ಬದುಕಿದ್ದಾಗ ಒಂದು ದಿನ ಯಾರ ಹಿಂದೇನೂ ಕೂತೋನಲ್ಲ ಅವನು."

ಸಮ್ರಿತ್ ನಗಲಿಲ್ಲ. ಪರದೆಯನ್ನು ಅವಳತ್ತ ತಿರುಗಿಸಿ ಕುಸಿದ ಗೆರೆಯ ಮೇಲೆ ಬೆರಳಿಟ್ಟ.

"ಹಿಡೀತಿರೋದು ಅವನಲ್ಲ, ನಾನು. ಇಲ್ಲಿಗೆ ಬಂದರೆ ನನ್ನ ಕೈ ಬಿಡುತ್ತೆ, ನನಗೇ ಗೊತ್ತಾಗಲ್ಲ. ಅದನ್ನ ಇಂಜಿನ್ ತಪ್ಪು ಅಂತ ತಿಳ್ಕೊಂಡು ಪೆಟ್ರೋಲು ಸುರಿದೆ. ತಿವ್‌ಗೆ ರಸ್ತೇಲಿ ಉಸಿರು ಕಟ್ಟಿದ್ದು ಅದರಿಂದ."

"ಇಲ್ಲೇ ಯಾಕೆ ಬಿಡುತ್ತೆ?"

ಸಮ್ರಿತ್ ಹೇಳಿದ. ಪಂದ್ಯದ ದಿನ ತಾನು ಹೊರಡುವ ಗೆರೆಯ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಾನೆ. ಬೈಕು ಕಣ್ಣಿಗಿಂತ ಕಿವಿಗೆ ಚೆನ್ನಾಗಿ ಕಾಣುತ್ತದೆ. ಜೋಮ್ ಬಿದ್ದ ದಿನವೂ ನಿಂತಿದ್ದ. ಸದ್ದು ಏರುತ್ತ ಏರುತ್ತ ಈ ಸ್ವರಕ್ಕೆ ಬಂದು, ಕತ್ತರಿಸಿದಂತೆ ನಿಂತಿತ್ತು. ಅವನು ಕಣ್ಣು ತೆರೆಯುವಷ್ಟರಲ್ಲಿ ರಸ್ತೆಯ ತುದಿಯಲ್ಲಿ ಧೂಳು ಮಾತ್ರ ಇತ್ತು.

ಲಮ್ಯಾಯ್ ಕಟ್ಟನ್ನು ಬೆಂಚಿನ ಮೇಲಿಟ್ಟಳು. "ನಾನಾವತ್ತು ಸಂತೇಲಿದ್ದೆ," ಎಂದಳು. "ನನಗೆ ಕೇಳಿಸಲೇ ಇಲ್ಲ."

ಅವಳು ಬೈಕಿನ ಹತ್ತಿರ ಬಂದು, ಚಪ್ಪಲಿ ಬಿಟ್ಟು, ಕೈ ಜೋಡಿಸಿ ಗಾಡಿ ತಾಯಿಗೆ ನಮಸ್ಕರಿಸಿ, ಹತ್ತಿ ಕೂತಳು.

"ನನ್ನ ಕೈಗೆ ಯಾವ ನೆನಪೂ ಇಲ್ಲ. ಏನು ಮಾಡಬೇಕು ಹೇಳು."

"ನೀನು ಬೇಡ. ತಿವ್‌ನ ಕರೀತೀನಿ."

"ಅವನ ಕೈಗೆ ಈಗಾಗ್ಲೇ ಭಯ ಹತ್ತಿದೆ. ಅವನು ಭಾನುವಾರ ಬೀಳಬೇಕಾ? ಇನ್ನೊಬ್ಬಳು ಸೂತಕದ ಕಪ್ಪು ಬಟ್ಟೆ ಉಡಬೇಕಾ? ಹೇಳು."

ಸಮ್ರಿತ್ ತಾನು ಈ ವಾರ ಏರಿಸಿದ್ದ ಅಂಕಿಗಳನ್ನೆಲ್ಲ ಅಳಿಸಿ, ಜೋಮ್ ಓಡಿಸುತ್ತಿದ್ದಾಗ ಇದ್ದ ಕೋಷ್ಟಕವನ್ನು ಹಾಕಿದ. ಹೊಸ ಪ್ಲಗ್ ಬಿಗಿದು, ಕೊನೆಯ ಗೇರಿನವರೆಗೆ ಅವನೇ ಕೈಯಿಂದ ಗೇರಿನ ಪೆಡಲ್ ಒತ್ತಿ ಏರಿಸಿಕೊಟ್ಟು, ಪರದೆಯ ಮುಂದೆ ನಿಂತ.

"ಪೂರ್ತಿ ತಿರುಗಿಸು. ನಾನು ಸಾಕು ಅನ್ನೋವರೆಗೂ ಬಿಡಬೇಡ."

ಅವಳು ತಿರುಗಿಸಿದಳು. ತಗಡಿನ ಮಾಡು ಅದುರಿತು. ಒಂಬತ್ತು. ಹತ್ತು. ಹನ್ನೊಂದರ ಹತ್ತಿರ ಸಮ್ರಿತ್‌ನ ಬಲಗೈ ತಾನಾಗಿ ತೆರೆದುಕೊಂಡಿತು, ಅದರಲ್ಲಿ ಏನೂ ಇಲ್ಲದಿದ್ದರೂ. ಪರದೆಯ ಮೇಲಿನ ಗೆರೆ ಅಲುಗಲಿಲ್ಲ. ಸದ್ದು ಆ ಸ್ವರವನ್ನು ದಾಟಿತು. ದಾಟಿ, ಆ ಬೇಸಿಗೆಯಿಂದ ಅವನು ಕೇಳಿಯೇ ಇರದ ಕಡೆಗೆ ಏರಿತು. ಹನ್ನೆರಡು. ಹನ್ನೆರಡೂವರೆ. ಗಾಳಿ, ಪೆಟ್ರೋಲು ಎರಡೂ ಇರಬೇಕಾದಲ್ಲೇ ಇದ್ದವು. ಇಂಜಿನ್ನಿಗೆ ಏನೂ ಆಗಿರಲಿಲ್ಲ, ಮೊದಲಿನಿಂದಲೂ.

"ಸಾಕು!"

ಅವಳು ಬಿಟ್ಟಳು. ರೋಲರ್ ನಿಧಾನವಾಗಿ ತಗ್ಗಿತು.

"ಸರಿಯಾಯ್ತಾ?"

"ಸರಿಯಾಯ್ತು. ತಿವ್ ಓಡಿಸಬಹುದು."

ಲಮ್ಯಾಯ್ ಇಳಿಯಲಿಲ್ಲ. ಟ್ಯಾಂಕಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು.

"ಈಗ ಏರಿ ಹೋಯ್ತಲ್ಲ ಸದ್ದು, ಅದರಲ್ಲಿ ಅವನು ನಿಂತದ್ದು ಎಲ್ಲಿ?"

"ಬಿಡು, ಲಮ್ಯಾಯ್."

"ತೋರಿಸು. ನೀನು ಕೈ ಎತ್ತು, ನಾನು ಅಲ್ಲಿ ಹಿಡ್ಕೋತೀನಿ."

ಇಂಜಿನ್ ಒಂದೇ ಸ್ವರದಲ್ಲಿ ನಿಲ್ಲುವಂತೆ ಸಮ್ರಿತ್ ರೋಲರಿಗೆ ಬ್ರೇಕು ಕೊಟ್ಟ. ಈ ಸಲ ಅವಳು ಮೆಲ್ಲಗೆ ಏರಿಸಿದಳು, ಕತ್ತಲ ಕೋಣೆಯಲ್ಲಿ ಗೋಡೆ ತಡವುತ್ತ ಹೋಗುವವಳ ಹಾಗೆ. ಏರುತ್ತ ಏರುತ್ತ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಕಣ್ಣು ಮುಚ್ಚಲಿಲ್ಲ. ಆ ಸ್ವರ ಬಂದಾಗ ಕೈ ಎತ್ತಿದ.

ಲಮ್ಯಾಯ್ ಕೈಯನ್ನು ಅಲ್ಲಿಯೇ ನಿಲ್ಲಿಸಿದಳು. ಸದ್ದು ಆರಲಿಲ್ಲ, ಕತ್ತರಿಸಿ ಹೋಗಲಿಲ್ಲ. ಅವಳು ತಲೆ ತುಸು ಬಾಗಿಸಿ, ಪಕ್ಕದ ಕೋಣೆಯಲ್ಲಿ ಯಾರೋ ಮಾತನಾಡುವುದನ್ನು ಕೇಳುವವಳಂತೆ, ಅದನ್ನು ಹಾಗೇ ಹಿಡಿದುಕೊಂಡು ಕೂತಳು.