ಪ್ರಥಮನ ಹೆಸರಿನ ಆಟ

“ಆಟ ಬ್ಯಾಡ ಅಂದ್ರೆ ಬ್ಯಾಡ. ಪಾಳಿ ಬೇರೆಯವ್ರಿಗ್ ಕೊಡಿ ಅಂತ್ ಹೇಳ್,” ಎಂದವನೇ ಚಂದಯ್ಯ ಊಟದ ನಡುವೆ ಎದ್ದುಬಿಟ್ಟ.

ಹೆಂಡತಿ ಚಂದ್ರಮತಿ ಫೋನು ಹಿಡಿದೇ ನಿಂತಿದ್ದಳು. ಯಕ್ಷಗಾನ ಮೇಳದ ಮ್ಯಾನೇಜರು ಈಗಷ್ಟೇ ಮಾತಾಡಿದ್ದರು. ಈ ವರ್ಷದ ತಿರುಗಾಟದಲ್ಲಿ ಗುಲ್ವಾಡಿಯ ಇವರ ಹರಕೆ ಆಟಕ್ಕೆ ಪಾಳಿ ಬಂದಿದೆಯಂತೆ. ಬೇಕೋ ಬೇಡವೋ ನಾಳೆಯೊಳಗೆ ಹೇಳಬೇಕಂತೆ. ಕಾಯುವವರಿಗೇನು ಕಡಿಮೆಯೇ?

ಐದು ವರ್ಷದ ಪ್ರಥಮ್ ಮಿದುಳು ಜ್ವರ ಬಂದು ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದಾಗ ಅವಳು ಹೊತ್ತ ಹರಕೆ ಅದು. ಮಗ ಉಳಿದರೆ ದೇವಿ ಅಮ್ಮನವರ ಮೇಳದಿಂದ ಒಂದು ಯಕ್ಷಗಾನ ಆಡಿಸುತ್ತೇನೆ ಎಂದಿದ್ದಳು. ಮಗ ಉಳಿದ. ಹೆಸರು ಬರೆಸಿ ಕಾದರು. ಮಗನಿಗೆ ಮೀಸೆ ಬಂತು, ಪಾಳಿ ಬರಲಿಲ್ಲ. ಕೊಕ್ಕರ್ಣೆಯಿಂದ ಬರುವಾಗ ಬೈಕು ಜಾರಿ ಹುಡುಗ ಹೋಗೇಬಿಟ್ಟ. ಅದಾಗಿ ಎರಡನೇ ಮಳೆಗಾಲ ಕಳೆದ ಮೇಲೆ ಈಗ ಬಂತು ನೋಡಿ ಪಾಳಿ!

ಬದುಕಿದ್ದಾಗ ಪ್ರಥಮನಿಗೆ ಆಟ ಅಂದರೆ ಮೊಬೈಲಿನದು. ಕಿವಿಗೆ ವಯರು ಸಿಕ್ಕಿಸಿಕೊಂಡು, ಯಾವುದೋ ಊರಿನ ಮುಖ ಕಾಣದ ಹುಡುಗರ ಜೊತೆ ಸೇರಿ ಕೂತಲ್ಲೇ ಯುದ್ಧ. ಉಣ್ಣಲು ಕರೆದರೆ, “ಈ ಆಟ ಒಂದ್ ಮುಗೀಲಿ ಅಮ್ಮ.” ನೆಂಟರು ಬಂದು ಮಗ ಎಲ್ಲಿ ಅಂದರೆ ಚಂದಯ್ಯನದು ಒಂದೇ ಸಿಡುಕು: “ಎಲ್ಲ್ ಹೋತ? ಆಟದಗೇ ಇದ್ದ ಕಾಣಿ.” ತಂಗಿ ಅನ್ವಿತಾ ಆ ಫೋನನ್ನು ಇವತ್ತಿಗೂ ಚಾರ್ಜಿಗೆ ಹಾಕುತ್ತಾಳೆ. ಸಂಜೆಯಾದರೆ ಅದು ಗುಂಯ್ ಎಂದು ನಡುಗಿ, ನಿನ್ನ ತಂಡ ಕಾಯುತ್ತಿದೆ, ಆಟಕ್ಕೆ ಬಾ ಎನ್ನುತ್ತದೆ. ಹಾಳಾದ್ದು, ಅದಕ್ಕೆ ಯಾರು ತಿಳಿಸಿ ಹೇಳಬೇಕು!

“ಯಾರ್ ಸಲುವಾಗ್ ಆಡ್ಸುದ್?” ಚಂದಯ್ಯ ಹಿತ್ತಿಲ ಬಾಗಿಲಿನಿಂದ ಕೂಗಿದ. “ಅಮ್ಮ ಅವ್ನ ಉಳ್ಸಿ ಕೊಟ್ಳಾ?”

“ಆವತ್ ಉಳ್ಸ್ಲಿಲ್ಯಾ?” ಚಂದ್ರಮತಿಯ ದನಿಯೂ ಏರಿತು. “ನಾ ಕೇಂಡದ್ ಆ ಜ್ವರದಿಂದ ಉಳ್ಸ್ ಅಂತ್. ಉಳ್ಸಿದ್ಳ್. ಅವ ಶಾಲಿಗ್ ಹೋದ, ಅಂಗ್ಳದಗೆ ಸೈಕಲ್ ಕಲ್ತ, ನನ್ ಹತ್ರ ಜಗ್ಳ ಮಾಡ್ದ. ಅಷ್ಟೆಲ್ಲ ಎಲ್ಲಿಂದ ಬಂತ್? ತಕಂಡ್ ಆದ್ಮೇಲೆ ಇಲ್ಲೆ ಅಂಬುಕ್ ಆತ್ತಾ ಹ್ವಾಯ್?”

“ನೀನೇ ಆಡ್ಸ್ಕೊ ಮರಾಯ್ತಿ. ನಾ ಆ ಬದಿಗೂ ಬತ್ತಿಲ್ಲೆ.”

ಬರಲಿಲ್ಲ ಕೂಡ. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ ಎದ್ದಿತು, ಮೇಳದ ಲಾರಿ ಬಂತು, ಊರವರು ಕುರ್ಚಿ ಹೊತ್ತರು. ಚಂದಯ್ಯ ತನ್ನ ದಿನಸಿ ಅಂಗಡಿ ಬಿಟ್ಟು ಕದಲಲಿಲ್ಲ. ಹೊತ್ತು ಕಂತುವಾಗ ಚೌಕಿಯಲ್ಲಿ, ಅಂದರೆ ವೇಷಧಾರಿಗಳು ಬಣ್ಣ ಬಳಿದುಕೊಳ್ಳುವ ಚಪ್ಪರದಲ್ಲಿ, ಗಣಪತಿ ಪೂಜೆಗೆ ತಾಯಿ ಮಗಳು ಇಬ್ಬರೇ ನಿಂತರು.

“ಯಾರ್ ಹೆಸ್ರಿನ್ ಹರಕಿ? ಹೆಸ್ರ್, ನಕ್ಷತ್ರ ಹೇಳಿ,” ಎಂದರು ಮೇಳದ ಭಟ್ಟರು. ದಿನಕ್ಕೊಂದು ಊರು ತಿರುಗುವವರು, ಅವರಿಗೆ ಈ ಮನೆಯ ಸುದ್ದಿ ಏನು ಗೊತ್ತು?

ಅಷ್ಟೆಲ್ಲ ವಾದ ಮಾಡಿದ್ದ ಚಂದ್ರಮತಿ ಈಗ ಮಗಳ ಮುಖ ನೋಡಿದಳು.

“ಪ್ರಥಮ್. ಚಿತ್ತಾ ನಕ್ಷತ್ರ.”

ಬೆನ್ನ ಹಿಂದೆ ಚಂದಯ್ಯ ನಿಂತಿದ್ದ. ಅಂಗಡಿಯ ಅಂಗಿಯಲ್ಲೇ ಬಂದಿದ್ದ, ತೋಳಿಗೆ ಹಿಟ್ಟಿನ ಧೂಳು ಮೆತ್ತಿತ್ತು.

ಭಟ್ಟರು ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದರು. ಪ್ರಥಮನಿಗೆ ದೀರ್ಘಾಯುಷ್ಯ ಕೊಡು ತಾಯಿ ಎಂದರು. ಒಳ್ಳೆಯ ಉದ್ಯೋಗ ಕೊಡು, ಕಾಲಕಾಲಕ್ಕೆ ಮದುವೆ ಮಕ್ಕಳು ಎಲ್ಲ ಆಗಲಿ ಎಂದರು. ಅನ್ವಿತಾ ಬಾಯಿಗೆ ಶಾಲು ಒತ್ತಿಕೊಂಡು ಹೊರಗೆ ಓಡಿದಳು. ಸಾಕು ಮಾಡಿ ಎಂದುಬಿಡೋಣ ಎನಿಸಿತು ಚಂದ್ರಮತಿಗೆ. ಆದರೂ ಇನ್ನಷ್ಟು ಹೇಳಲಿ ಎಂದೂ ಅನಿಸಿತು.

“ಹುಡ್ಗ ಎಲ್ಲಿ? ಕರೀನಿ, ಪ್ರಸಾದ ಕೊಡ್ವ,” ಎಂದರು ಭಟ್ಟರು.

“ಎಲ್ಲ್ ಹೋತ?” ಎಂದ ಚಂದಯ್ಯ. ತೋಳಿನ ಹಿಟ್ಟು ಕೊಡವಿಕೊಂಡ. “ಆಟದಗೇ ಇದ್ದ ಕಾಣಿ.”

“ಈಗಿನ್ ಮಕ್ಳೇ ಹಾಂಗೆ,” ಎಂದು ಭಟ್ಟರು ನಕ್ಕು ಬಾಳೆಲೆಯ ತುಂಡಿನಲ್ಲಿ ಪ್ರಸಾದ ಮಡಚಿದರು. “ಹಾಂಗಾರ್ ನೀವೇ ಕೊಡಿ ಅವ್ನಿಗೆ.”

ಹೊರಗೆ ಚಂಡೆ ಶುರುವಾಯಿತು. ಚಂದಯ್ಯ ಎರಡೂ ಕೈ ಒಡ್ಡಿದ.