ಚಿನ್ನದ ಬೊಂಬೆಯ ಮುಖ

ಮೇಣದ ಬೊಂಬೆಗೆ ಒಂದು ಮುಖ ಬೇಕಾಗಿತ್ತು.

"ಅಕ್ಕ, ಅಲ್ಲಾಡಬೇಡ. ಸುಮ್ನೆ ಕೂತ್ಕೋ," ಎಂದಳು ರೂಲಾನ್. "ನಿನ್ನ ಮುಖಾನೇ ನೋಡ್ಕೊಂಡು ಮಾಡ್ತೀನಿ."

"ನನ್ನ ಮುಖ ಯಾಕೆ ತಾಯಿ? ಚೆಂದದ ಮುಖಗಳಿಗೆ ಬರಗಾಲ ಬಂತೆ?" ಎಂದಳು ದಾದಿ ಶೆನ್ ಹ್ವಾ, ತೊಡೆಯ ಮೇಲೆ ನಿದ್ದೆಹೋದ ಮಗುವಿನ ತಲೆಯನ್ನು ಸರಿಪಡಿಸಿಕೊಳ್ಳುತ್ತ.

"ದಿನಾ ಕಣ್ಣೆದುರಿಗೆ ಇರೋದು ಇದೊಂದೇ. ಚಕ್ರವರ್ತಿಗಳ ಮುಖ ನೋಡಿ ಎರಡು ತಿಂಗಳಾಯ್ತು. ಮೂಗು ಎಲ್ಲಿದೆ ಅನ್ನೋದೇ ಮರೆತುಹೋಗಿದೆ."

ಶೆನ್ ಹ್ವಾ ನಕ್ಕಳು. ರೂಲಾನಳ ಹೆಬ್ಬೆರಳು ಮೇಣವನ್ನು ಒತ್ತಿ ಕೆನ್ನೆ ಮಾಡಿತು, ಉಗುರು ಎರಡು ಕಣ್ಣು ಗೀರಿತು.

ರಾಜಧಾನಿ ಪಿಂಗ್‌ಚೆಂಗಿನ ಅರಮನೆಯಲ್ಲಿ ಆ ವರ್ಷ ಪಟ್ಟದರಾಣಿಯ ಪೀಠ ಬರಿದಾಗಿತ್ತು. ಅದರ ಮೇಲೆ ಯಾರು ಕೂರಬೇಕೆಂಬುದು ಚಕ್ರವರ್ತಿಯ ಕೈಯಲ್ಲೂ ಇರಲಿಲ್ಲ, ಮಂತ್ರಿಗಳ ಕೈಯಲ್ಲೂ ಇರಲಿಲ್ಲ. ಹೆಸರು ಬಂದ ಕಿರಿಯ ರಾಣಿ ಮೇಣದ ಬೊಂಬೆ ಮಾಡಿ, ಅದರ ಮೇಲೆ ಮಣ್ಣಿನ ಅಚ್ಚು ಕಟ್ಟಿ, ತನ್ನ ಕೈಯಾರೆ ಚಿನ್ನ ಕರಗಿಸಿ ಆ ಅಚ್ಚಿನಲ್ಲಿ ಬೊಂಬೆಯನ್ನು ಎರಕ ಹೊಯ್ಯಬೇಕು. ಒಂದೇ ಸಲ. ಬೊಂಬೆ ಊನವಿಲ್ಲದೆ ಬಂದರೆ ಆಕಾಶ ಒಪ್ಪಿತೆಂದು ಅರ್ಥ. ಒಂದು ಬೆರಳು ಮೂಡದೆ ಹೋದರೂ ಅವಳ ಮಾತು ಅಲ್ಲಿಗೆ ಮುಗಿಯಿತು. ಆ ವಸಂತದಲ್ಲಿ ಇಬ್ಬರ ಹೆಸರು ಬಂದಿತ್ತು. ಒಬ್ಬಳು ಹಿರಿಯ ರಾಜಕುಮಾರನ ತಾಯಿ ಯೀ ರಾಣಿ, ಈ ನೆಲದ ಹಳೆಯ ಮನೆತನದವಳು. ಇನ್ನೊಬ್ಬಳು ರೂಲಾನ್.

ರೂಲಾನಳ ತಂದೆ ಪೂರ್ವದ ಸೋತ ರಾಜ್ಯದಲ್ಲಿ ಕಂಚಿನ ಕನ್ನಡಿ ಎರಕ ಹೊಯ್ಯುತ್ತಿದ್ದವನು. ಊರು ಬಿದ್ದ ದಿನ ಅವನ ತಲೆಯೂ ಬಿತ್ತು. ಹದಿನಾಲ್ಕು ವರ್ಷದ ಮಗಳು ಸೆರೆಸಿಕ್ಕ ಹೆಂಗಸರ ಸಾಲಿನಲ್ಲಿ ನಡೆದು ಬಂದು ಅರಮನೆಯ ನೇಯ್ಗೆಮನೆ ಸೇರಿದಳು. ಅಲ್ಲಿಂದ ಅವಳು ಮೇಲೆ ಬಂದದ್ದನ್ನು ಶೆನ್ ಹ್ವಾ ಕಣ್ಣಾರೆ ಕಂಡಿದ್ದಳು. ಆಳುವ ಕುಲದವರ ಭಾಷೆಯನ್ನು ಒಂದೇ ವರ್ಷದಲ್ಲಿ ಕಲಿತಳು. ಅವರು ಕುಡಿಯುವ ಹುಳಿಯಾದ ಕುದುರೆ ಹಾಲನ್ನು ಮುಖ ಕಿವುಚದೆ ಕುಡಿದಳು. ಚಕ್ರವರ್ತಿಯ ಅಂಗಿಯ ಅಂಚಿಗೆ ತಾನೇ ನೇಯ್ದ ಪಟ್ಟಿ ಹೋಗುವಂತೆ ನೋಡಿಕೊಂಡಳು. ಇಪ್ಪತ್ತೆರಡು ತುಂಬುವ ಹೊತ್ತಿಗೆ ಅವಳಿಗೆ ಸ್ವಂತ ಅಂಗಳವಿತ್ತು, ಮೂರು ವರ್ಷದ ಮಗ ಅತೋ ಇದ್ದ. ಅಷ್ಟು ಸಾಲದೆಂದು ಅವಳು ಯಾರ ಮುಂದೆಯೂ ಮುಚ್ಚಿಡುತ್ತಿರಲಿಲ್ಲ.

"ನಮ್ಮಪ್ಪನ ತಲೆ ತೆಗೆದೋರು ನನ್ನ ಮುಂದೆ ಮಂಡಿ ಊರಬೇಕು ಅಕ್ಕ. ಒಂದೇ ಸಲ ಸಾಕು," ಎನ್ನುತ್ತಿದ್ದಳು. "ಆಮೇಲೆ ಬೇಕಾದ್ರೆ ಎದ್ದು ಹೋಗ್ಲಿ."

ಆದರೆ ಆ ರಾಜ್ಯದಲ್ಲಿ ಇನ್ನೊಂದು ಕಟ್ಟಳೆಯಿತ್ತು. ಯಾವ ಹುಡುಗನನ್ನು ಯುವರಾಜನೆಂದು ಸಾರುವರೋ, ಅವನ ಹೆತ್ತ ತಾಯಿ ಬದುಕಿರಕೂಡದು. ತಾಯಿಯ ಕಡೆಯವರು ರಾಜ್ಯವನ್ನು ನುಂಗಿಹಾಕುತ್ತಾರೆಂಬ ಭಯದಿಂದ ಹಿಂದಿನವರು ಮಾಡಿಟ್ಟದ್ದು. ಹೀಗಾಗಿ ಆ ಅಂತಃಪುರದಲ್ಲಿ ಬಸುರಾದವರು ಹೆಣ್ಣು ಹುಟ್ಟಲೆಂದು ಬುದ್ಧನಿಗೆ ಹರಕೆ ಹೊರುತ್ತಿದ್ದರು.

ಮೇಣದ ಮುಖ ಮುಗಿದಾಗ ರೂಲಾನ್ ಕೈ ಒರೆಸಿಕೊಂಡು, ಧ್ವನಿ ತಗ್ಗಿಸಿ ಕೇಳಿದಳು.

"ಅಕ್ಕ, ನೀನು ಇಪ್ಪತ್ತು ವರ್ಷದಿಂದ ಇಲ್ಲಿದ್ದೀಯ. ಪೂರ್ವಜರ ಗುಡೀಲಿ ಪಟ್ಟದರಾಣಿಯರ ಹೆಸರಿನ ಹಲಗೆಗಳನ್ನ ನೋಡಿ ಬಂದೆ. ಎಲ್ಲರೂ ಮುದುಕಿಯರಾಗಿ, ಕಾಯಿಲೆ ಬಂದು ಸತ್ತೋರೇ. ಆ ಕಟ್ಟಳೆ ಕಿರಿಯ ರಾಣಿಯರಿಗೆ ಮಾತ್ರ, ಅಲ್ವಾ? ಪಟ್ಟದರಾಣಿ ಒಬ್ಬಳಿಗಾದ್ರೂ ಆ ಗತಿ ಬಂದಿದೆಯಾ?"

ಶೆನ್ ಹ್ವಾ ಮಗುವಿನ ಕೂದಲಲ್ಲಿ ಕೈಯಾಡಿಸುತ್ತಿದ್ದಳು. ಕೈ ನಿಂತಿತು.

"ಇಲ್ಲ ತಾಯಿ," ಎಂದಳು. "ಒಬ್ಬರಿಗೂ ಬಂದಿಲ್ಲ."

ಅದು ನಿಜ. ಆ ಪಟ್ಟದರಾಣಿಯರಲ್ಲಿ ಯಾರಿಗೂ ಗಂಡುಮಗು ಇರಲಿಲ್ಲ ಎಂಬುದೂ ಅಷ್ಟೇ ನಿಜ. ಹುಟ್ಟದಂತೆ ಅವರು ಕಷಾಯ ಕುಡಿಯುತ್ತಿದ್ದರು. ಆ ಬಟ್ಟಲುಗಳನ್ನು ತೊಳೆದವಳು ಶೆನ್ ಹ್ವಾ. ಹೊರಗಿನಿಂದ ಬಂದವಳಿಗೆ ಅದು ತಿಳಿಯುವ ದಾರಿಯಿರಲಿಲ್ಲ. ಬಾಯಿ ಬಿಟ್ಟು ಹೇಳುವವರೂ ಇರಲಿಲ್ಲ. ಇನ್ನೊಂದು ಮಾತು ಸೇರಿಸಿದ್ದರೆ ಸಾಕಿತ್ತು. ಶೆನ್ ಹ್ವಾ ಸೇರಿಸಲಿಲ್ಲ.

ಅವಳಿಗೂ ಒಂದು ಆಸೆಯಿತ್ತು. ಹದಿನಾರನೆಯ ವಯಸ್ಸಿನಲ್ಲಿ ಅರಮನೆಯ ಬೀದಿ ಗುಡಿಸುತ್ತಿದ್ದಾಗ ಒಂದು ಪಲ್ಲಕ್ಕಿ ಬಂದಿತ್ತು. ಒಳಗೆ ಹಲ್ಲಿಲ್ಲದ ಒಬ್ಬ ಮುದುಕಿ ಒಣಗಿದ ಬೋರೆಹಣ್ಣು ಚೀಪುತ್ತ ಕೂತಿದ್ದಳು. ಮಂತ್ರಿಗಳು, ದಂಡನಾಯಕರು ಧೂಳಿನಲ್ಲಿ ಹಣೆಯಿಟ್ಟರು. ಯಾರೆಂದು ಕೇಳಿದರೆ, ಹಿಂದಿನ ಚಕ್ರವರ್ತಿಗೆ ಹಾಲೂಡಿದ ದಾದಿ. ತಾಯಿಯಿಲ್ಲದ ಹುಡುಗ ದೊರೆಯಾದಾಗ ದಾದಿಯನ್ನೇ ತಾಯಿಯೆಂದು ಕರೆದು ರಾಜಮಾತೆಯ ಪದವಿ ಕೊಟ್ಟಿದ್ದ. ಶೆನ್ ಹ್ವಾ ಪೊರಕೆ ಹಿಡಿದುಕೊಂಡೇ ಬಹಳ ಹೊತ್ತು ನಿಂತಿದ್ದಳು.

ಮುಂದೆ ಅವಳನ್ನು ಕುದುರೆ ಲಾಯದವನೊಬ್ಬನಿಗೆ ಕಟ್ಟಿದರು. ಅವನು ಉತ್ತರದ ಗಡಿಯಲ್ಲಿ ಸತ್ತ. ಅವಳಿಗೆ ಹುಟ್ಟಿದ ಹೆಣ್ಣುಮಗುವಿಗೆ ಎರಡು ತಿಂಗಳಾಗಿತ್ತು, ಅಷ್ಟರಲ್ಲಿ ಅತೋ ಹುಟ್ಟಿದ. ಹಾಲು ರಾಜಕುಮಾರನಿಗೆ ಹೋಯಿತು. ಹೆಣ್ಣುಮಗುವಿಗೆ ನವಣೆಯ ಗಂಜಿ ಇಳಿಯಲಿಲ್ಲ. ಅದನ್ನು ನೇಯ್ಗೆಮನೆಯ ಗೋಡೆಯಾಚೆ, ಬೂದಿ ಸುರಿಯುವ ಕಡೆ ಹೂಳಿದರು. ಹಾಲೂಡುವವಳು ಅಳಬಾರದು, ಹಾಲು ಕಹಿಯಾಗುತ್ತದೆ ಎಂದರು. ಅವಳು ಅಳಲಿಲ್ಲ.

ಆ ಸಂಜೆ ಬುದ್ಧನ ಮುಂದೆ ದೀಪ ಹಚ್ಚಿ ಜಪಮಾಲೆ ಹಿಡಿದು ಕೂತಳು. ನಾಳೆ ಹೇಳುತ್ತೇನೆ ಎಂದುಕೊಂಡಳು. ನಾನು ಸುಳ್ಳೇನೂ ಹೇಳಿಲ್ಲವಲ್ಲ ಎಂದೂ ಅಂದುಕೊಂಡಳು. ಹೀಗೆ ಒಂಬತ್ತು ನಾಳೆಗಳು ಕಳೆದು ಎರಕದ ದಿನ ಬಂತು.

ಪೂರ್ವಜರ ಗುಡಿಯ ಅಂಗಳದಲ್ಲಿ ಬಿಳಿಯ ಕಂಬಳಿ ಹಾಸಿದ್ದರು. ಎರಡು ಕುಲುಮೆಗಳು ಉರಿಯುತ್ತಿದ್ದವು. ಗಾಳಿಗೆ ಧೂಳೆದ್ದು ಮಂತ್ರಿಗಳ ಗಡ್ಡ ಕೆಂಪಾಗಿತ್ತು. ಮೊದಲು ಯೀ ರಾಣಿ ಹೊಯ್ದಳು. ಅಚ್ಚು ಒಡೆದಾಗ ಬೊಂಬೆಗೆ ಬಲಗೈಯೂ ಇರಲಿಲ್ಲ, ಗಲ್ಲವೂ ಇರಲಿಲ್ಲ. ಅಂಗಳದ ತುಂಬ ಗುಸುಗುಸು. ಯೀ ರಾಣಿ ತಲೆ ತಗ್ಗಿಸಿ ಹಿಂದೆ ಬಂದು ಶೆನ್ ಹ್ವಾಳ ಪಕ್ಕ ನಿಂತಳು. ಅವಳ ಮುಖದಲ್ಲಿ ನೋವಿರಲಿಲ್ಲ.

"ಅಚ್ಚು ಸರಿಯಾಗಿ ಒಣಗಿರಲಿಲ್ಲ ಅಂತ ಕಾಣುತ್ತೆ, ಅಮ್ಮಾವ್ರೇ," ಎಂದಳು ಶೆನ್ ಹ್ವಾ ಮೆಲ್ಲಗೆ.

"ನಾನೇ ರಾತ್ರಿಯೆಲ್ಲ ಹಸಿಬಟ್ಟೆ ಸುತ್ತಿಟ್ಟಿದ್ದೆ. ಒಣಗೋದು ಹೇಗೆ?" ಎಂದಳು ಯೀ ರಾಣಿ ತುಟಿಯಲುಗಿಸದೆ. ಕುಲುಮೆಯ ಕಡೆ ನೋಡಿದಳು. "ನಿಮ್ಮವಳಿಗೆ ಯಾರೂ ಹೇಳಿಲ್ವಾ?"

ಶೆನ್ ಹ್ವಾ ಬಾಗಿ ಅತೋನ ಅಂಗಿಯ ಧೂಳು ಕೊಡವಿದಳು. ಯೀ ರಾಣಿ ಅವಳನ್ನು ಒಂದು ಕ್ಷಣ ದಿಟ್ಟಿಸಿ, ಎರಡು ಹೆಜ್ಜೆ ದೂರ ಸರಿದು ನಿಂತಳು.

ರೂಲಾನ್ ತೋಳು ಮಡಿಸಿ, ಕೂದಲನ್ನು ಬಟ್ಟೆಯಲ್ಲಿ ಬಿಗಿದು ಮೂಸೆಯ ಮುಂದೆ ಕೂತಿದ್ದಳು. ಇಕ್ಕಳ ಕೈಗೆ ತೆಗೆದುಕೊಳ್ಳುವ ಮೊದಲು ಮಗನನ್ನು ಮುಟ್ಟಬೇಕೆಂದು ಕೈಸನ್ನೆ ಮಾಡಿದಳು. ಶೆನ್ ಹ್ವಾ ಅತೋನನ್ನು ಎತ್ತಿಕೊಂಡು ಹತ್ತಿರ ಹೋದಳು. ಅಲ್ಲಿ ತಿದಿಯೊತ್ತುವ ಆಳನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ತಿದಿಯ ಸದ್ದಿಗೆ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಅಚ್ಚಿಗೆ ಒಂದು ಒದೆ ಕೊಟ್ಟರೆ ಸಾಕು, ಅವಳು ಬದುಕುತ್ತಾಳೆ.

"ಅಕ್ಕ, ನನ್ನ ಕೈ ನೋಡು, ನಡುಗ್ತಿದೆಯಾ?" ಎಂದಳು ರೂಲಾನ್.

"ಇಲ್ಲ ತಾಯಿ. ಗಟ್ಟಿಯಾಗಿದೆ."

"ಹಾಗಾದ್ರೆ ಸರಿ. ದೂರ ನಿಲ್ಲು, ಮಗೂಗೆ ಕಿಡಿ ಹಾರೀತು."

ಹೊಯ್ದಳು. ಒಂದೇ ಧಾರೆ, ಎಲ್ಲಿಯೂ ತಡೆಯಲಿಲ್ಲ. ತಣ್ಣಗಾದ ಮೇಲೆ ಅಚ್ಚು ಒಡೆದರು. ಕಿವಿಯ ಓಲೆಯವರೆಗೆ, ಉಗುರಿನವರೆಗೆ ಎಲ್ಲವೂ ಮೂಡಿತ್ತು. ಅಂಗಳದಲ್ಲಿದ್ದವರೆಲ್ಲ ಮಂಡಿಯೂರಿದರು. ರೂಲಾನ್ ಮಸಿಮುಖದಲ್ಲೇ ಎದ್ದು ನಿಂತು ಆ ಬಾಗಿದ ಬೆನ್ನುಗಳನ್ನು ಒಂದೊಂದಾಗಿ ನೋಡಿದಳು. ಅತೋ ಚಪ್ಪಾಳೆ ತಟ್ಟಿದ.

ನಲವತ್ತು ದಿನ ಅವಳು ಪಟ್ಟದರಾಣಿಯಾಗಿದ್ದಳು. ನಲವತ್ತೊಂದನೆಯ ದಿನ ಮಂತ್ರಿಗಳು ಸೇರಿ, ಪಟ್ಟದರಾಣಿಯ ಮಗನಿರುವಾಗ ಬೇರೆಯವರನ್ನು ಯೋಚಿಸುವುದು ಧರ್ಮವಲ್ಲ ಎಂದರು. ಅತೋನನ್ನು ಯುವರಾಜನೆಂದು ಸಾರಿದರು. ಮಧ್ಯಾಹ್ನದ ಹೊತ್ತಿಗೆ ಕಂಚುಕಿ ಜೌ ಪಿಂಗ್ ಇಬ್ಬರು ಆಳುಗಳೊಡನೆ ಬಂದ. ಕೈಯಲ್ಲಿ ಒಂದು ಹರಿವಾಣ, ಮೇಲೆ ಕೊರಳಿಗೆ ಬಿಗಿಯುವ ಬಿಳಿಯ ರೇಷ್ಮೆ, ಪಕ್ಕದಲ್ಲಿ ವಿಷ ಬೆರೆಸಿದ ಮದ್ಯದ ಬಟ್ಟಲು.

ರೂಲಾನ್ ಮಗನಿಗೆ ಹೊಸ ಟೋಪಿ ಹಾಕುತ್ತಿದ್ದಳು.

"ಜೌ, ಮನೆ ತಪ್ಪಿ ಬಂದಿದ್ದೀಯ," ಎಂದಳು ನಗುತ್ತ. "ನಾನು ಪಟ್ಟದರಾಣಿ."

ಮುದುಕ ಕಂಚುಕಿ ಹರಿವಾಣವನ್ನು ಕೆಳಗಿಟ್ಟು ಹಣೆ ನೆಲಕ್ಕೆ ಹಚ್ಚಿದ. "ತಪ್ಪಿಲ್ಲ ಮಹಾತಾಯಿ. ಹೆತ್ತ ತಾಯಿಗೆ ಅಂತ ಬರೆದಿದೆ. ಪಟ್ಟದ ಮಾತು ಅದರಲ್ಲಿಲ್ಲ."

ಅವಳ ನಗು ಹಾಗೆಯೇ ನಿಂತಿತು. ತಿರುಗಿ ಶೆನ್ ಹ್ವಾಳನ್ನು ನೋಡಿದಳು. "ಒಬ್ಬರಿಗೂ ಬಂದಿಲ್ಲ ಅಂದೆಯಲ್ಲ ಅಕ್ಕ."

"ಒಬ್ಬರಿಗೂ ಗಂಡುಮಗು ಇರಲಿಲ್ಲ, ತಾಯಿ."

ರೂಲಾನ್ ಮೊದಲಿನಿಂದಲೂ ಚುರುಕು. ಯಾವುದನ್ನೂ ಅವಳಿಗೆ ಎರಡು ಸಲ ಹೇಳಬೇಕಾಗಿರಲಿಲ್ಲ.

"ಯಾವಾಗಿಂದ ಇತ್ತು ಇದು ನಿನ್ನ ಮನಸ್ಸಲ್ಲಿ?"

"ನೀವು ಈ ಊರಿಗೆ ಬರೋಕೆ ಮುಂಚಿನಿಂದ."

"ನನಗಿಂತ ದೊಡ್ಡ ಕೈ ನಿಂದು," ಎಂದಳು ರೂಲಾನ್. ಮಗನ ಟೋಪಿಯ ದಾರವನ್ನು ಬಿಚ್ಚಿ ಮತ್ತೆ ಸರಿಯಾಗಿ ಕಟ್ಟಿದಳು. ಅವಳ ಬೆರಳುಗಳು ಈಗ ನಡುಗುತ್ತಿದ್ದವು. "ಕರಬೂಜ ಕೊಡಬೇಡ, ಅವನಿಗೆ ಕೆಮ್ಮು ಬರುತ್ತೆ. ಕತ್ತಲೆ ಅಂದ್ರೆ ಹೆದರ್ತಾನೆ, ದೀಪ ಆರಿಸಬೇಡ. ಇನ್ನು ಕರ್ಕೊಂಡು ಹೋಗು. ಅವನು ನೋಡೋದು ಬೇಡ."

ಶೆನ್ ಹ್ವಾ ಕಾಲಿಗೆ ಬೀಳಲು ಬಾಗಿದಳು. ರೂಲಾನ್ ಕಾಲು ಹಿಂದಕ್ಕೆ ಎಳೆದುಕೊಂಡಳು.

ಎಂಟು ವರ್ಷಗಳ ಮೇಲೆ ಅತೋ ಹನ್ನೊಂದನೆಯ ವಯಸ್ಸಿನಲ್ಲಿ ಚಕ್ರವರ್ತಿಯಾದ. ತಾಯಿಯೆಂದು ಕರೆಯಲು ಅವನಿಗಿದ್ದವಳು ಒಬ್ಬಳೇ. ರಾಜಮಾತೆ ಶೆನ್ ಹ್ವಾಳ ಪಲ್ಲಕ್ಕಿ ಅದೇ ಬೀದಿಯಲ್ಲಿ ಹೋಯಿತು. ಮಂತ್ರಿಗಳು ಅದೇ ಧೂಳಿನಲ್ಲಿ ಹಣೆಯಿಟ್ಟರು. ಅಂದೇ ಅವಳು ನೇಯ್ಗೆಮನೆಯ ಹಿಂದೆ ಪಲ್ಲಕ್ಕಿ ಇಳಿಸಿ, ಮಗಳಿಗೆ ಗೋರಿ ಕಟ್ಟಿಸಬೇಕೆಂದು ಆಳುಗಳಿಂದ ಅಗೆಸಿದಳು. ಗೋಡೆ ಎರಡು ಸಲ ಜರುಗಿತ್ತು. ಸಂಜೆಯವರೆಗೆ ಅಗೆದರೂ ಬೂದಿಯ ಕೆಳಗೆ ಬೂದಿಯೇ ಸಿಕ್ಕಿತು.

ಚಿನ್ನದ ಬೊಂಬೆಯನ್ನು ಅವಳ ಪೂಜೆಯ ಕೋಣೆಯಲ್ಲಿ ತಂದಿಟ್ಟರು. ಅದರ ಮುಖ ಕಂಡವರೆಲ್ಲ, ಈಕೆ ಇಷ್ಟೆತ್ತರಕ್ಕೆ ಬರುವಳೆಂದು ಆಕಾಶವೇ ಅಂದು ತೋರಿಸಿಕೊಟ್ಟಿತ್ತು ಎಂದು ಕೈಮುಗಿದರು. ದಿನ ಬೆಳಗಾದರೆ ಅವಳು ತನ್ನ ಮುಖಕ್ಕೇ ಧೂಪ ಹಾಕಬೇಕಾಗಿತ್ತು. ಮೂವತ್ತೆರಡರ ಮುಖ, ಅದಕ್ಕೆ ವಯಸ್ಸಾಗುತ್ತಿರಲಿಲ್ಲ.

ಹೀಗೊಂದು ಬೆಳಿಗ್ಗೆ ಹುಡುಗ ದೊರೆ ಬಂದು ಪಕ್ಕದಲ್ಲಿ ಕೂತ. ಬಹಳ ಹೊತ್ತು ಬೊಂಬೆಯನ್ನೇ ನೋಡಿದ.

"ಅಮ್ಮ, ಇದನ್ನ ಹೊಯ್ಯೋವಾಗ ಆಕೆಗೆ ಗೊತ್ತಿತ್ತಾ? ಮುಂದೆ ಏನಾಗುತ್ತೆ ಅಂತ?"

ಅಲ್ಲಿಯವರೆಗೆ ಶೆನ್ ಹ್ವಾ ಆ ವಿಷಯದಲ್ಲಿ ಒಂದು ಸುಳ್ಳೂ ಹೇಳಿರಲಿಲ್ಲ. ಇಲ್ಲವೆಂದರೆ, ಯಾರೂ ಯಾಕೆ ಹೇಳಲಿಲ್ಲವೆಂದು ಕೇಳುತ್ತಾನೆ. ಅವನ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಹುಬ್ಬು ಥೇಟು ತಾಯಿಯದು.

"ಗೊತ್ತಿತ್ತು ಕಂದ," ಎಂದಳು. "ಎಲ್ಲಾ ಗೊತ್ತಿದ್ದೇ, ನಿನಗೋಸ್ಕರ ಹೊಯ್ದರು."

ಹುಡುಗ ಅಳುತ್ತ ಅವಳ ಮಡಿಲಲ್ಲಿ ಮುಖವಿಟ್ಟ. ಅವಳು ಒಂದು ಕೈಯನ್ನು ಅವನ ತಲೆಯ ಮೇಲಿಟ್ಟಳು. ಇನ್ನೊಂದು ಕೈಯಲ್ಲಿ ಜಪಮಾಲೆಯಿತ್ತು. ಮಣಿ ಸರಿಸಲು ನೋಡಿದಳು. ಬುದ್ಧನ ಹೆಸರು ಬಾಯಿಗೆ ಬರಲಿಲ್ಲ.